97ನೆಯ ಪುಟದವರೆಗೆ

ಅವರು ಯಾರೋ ನನಗೆ ಗೊತ್ತಿಲ್ಲ. ಹೆಣ್ಣೋ ಗಂಡೋ, ಈಗ ಇದ್ದಾರೋ ಇಲ್ಲವೋ, ಅದೂ ಗೊತ್ತಿಲ್ಲ. ಪೆನ್ಸಿಲನ್ನು ಚೂಪಾಗಿ ಹೆರೆದುಕೊಂಡು ಓದಲು ಕೂರುತ್ತಿದ್ದರು, ಅವರ ಅಕ್ಷರ ಬಲಕ್ಕೆ ವಾಲುತ್ತಿತ್ತು, ಹಿಡಿಸದ ವಾಕ್ಯದ ಪಕ್ಕದಲ್ಲಿ ಅಲೆಯಂತೆ ಒಂದು ಗೀಟು ಎಳೆಯುತ್ತಿದ್ದರು ಎಂಬುದಷ್ಟೇ ಗೊತ್ತು. ಹಳೆಯ ಪುಸ್ತಕಗಳ ರಾಶಿಯಿಂದ ಎತ್ತಿಕೊಂಡು ಬಂದ ಕಾದಂಬರಿಯೊಂದರಲ್ಲಿ ಅವರು ನನಗೆ ಸಿಕ್ಕರು. ಹೆಸರು ಬರೆದಿದ್ದ ಮೂಲೆಯನ್ನು ಯಾರೋ ಅಳತೆ ಹಿಡಿದ ಹಾಗೆ ಹರಿದು ತೆಗೆದಿದ್ದರು. ಆದರೆ ಮೂರನೆಯ ಪುಟದಿಂದಲೇ ಅಂಚಿನಲ್ಲಿ ಮಾತು ಶುರುವಾಗಿತ್ತು. ಒಂದು ಕಡೆ "ಇದು ಸುಳ್ಳು" ಎಂದು. ಇನ್ನೊಂದು ಕಡೆ "ನಮ್ಮ ಅತ್ತೆಯೂ ಹೀಗೆಯೇ" ಎಂದು. ಎರಡು ಪುಟ ಪೂರ್ತಿ ಬರಿಯ ಅಲೆಗೀಟುಗಳು; ಆ ದಿನ ಅವರ ಮನಸ್ಸು ಸರಿಯಿರಲಿಲ್ಲವೋ ಏನೋ. ಕಥೆಯ ನಾಯಕ ಮನೆ ಬಿಟ್ಟು ಹೋಗುವ 97ನೆಯ ಪುಟದಲ್ಲಿ "ಇವನು ಹಿಂದಿರುಗುತ್ತಾನೆಯೇ?" ಎಂದು ಬರೆದಿದ್ದರು. ಆಮೇಲೆ ಪೆನ್ಸಿಲು ನಿಂತಿತ್ತು. 98, 99, 100 ಎಲ್ಲವೂ ಬರಿಯ ಅಚ್ಚು, ಖಾಲಿ ಅಂಚು.

ಅವರ ಪೆನ್ಸಿಲು ನಿಂತಲ್ಲಿಗೆ ನನ್ನ ಓದೂ ನಿಂತಿತು. ನಾಚಿಕೆಯ ಮಾತೇ, ಆದರೂ ಹೇಳಿಬಿಡುತ್ತೇನೆ. ಕಾದಂಬರಿ ಬರೆದವರಿಗಿಂತ ಅಂಚಿನಲ್ಲಿ ಗೊಣಗುತ್ತಿದ್ದವರೇ ನನಗೆ ಹೆಚ್ಚು ಹತ್ತಿರವಾಗಿದ್ದರು. ಜೊತೆಗೆ ಹರಟುತ್ತಿದ್ದವರು ನಡುವೆ ಎಲ್ಲೋ ಇಳಿದುಹೋದ ಮೇಲೆ ಬಸ್ಸಿನಲ್ಲಿ ಒಬ್ಬನೇ ಕೂತಂತಾಯಿತು. ಆ ಪುಟಕ್ಕೊಂದು ಹಳೆಯ ರಸೀದಿ ಸಿಕ್ಕಿಸಿ ಪುಸ್ತಕವನ್ನು ಕಪಾಟಿನಲ್ಲಿಟ್ಟೆ. ಮೊನ್ನೆ ಧೂಳು ಹೊಡೆಯಲು ತೆಗೆಯುವವರೆಗೆ, ಏನಿಲ್ಲವೆಂದರೂ ಹನ್ನೊಂದು ವರ್ಷ, ಅದು ಅಲ್ಲೇ ಇತ್ತು.

ಧೂಳು ಹೊಡೆಯುವುದು ಒಂದು ಗಂಟೆಯ ಕೆಲಸ ಎಂದುಕೊಂಡೇ ಪ್ರತಿ ಸಲವೂ ಆರಂಭಿಸುತ್ತೇನೆ. ಒಂದು ಕೈಯಲ್ಲಿ ಬಟ್ಟೆ, ಇನ್ನೊಂದರಲ್ಲಿ ತೆರೆದ ಪುಸ್ತಕ, ಕೊಕ್ಕರೆಯ ಹಾಗೆ ಒಂಟಿ ಕಾಲಿನ ಮೇಲೆ ನಿಂತಿರುವಾಗಲೇ ಸಂಜೆಯಾಗಿಬಿಟ್ಟಿರುತ್ತದೆ. ಈ ಸಲ ನಿಂತಲ್ಲೇ ಒಂದು ಲೆಕ್ಕ ಹಾಕಿದೆ. ಒಂದು ಪುಸ್ತಕವನ್ನು ನಾನು ಓದುವುದು ಹೆಚ್ಚೆಂದರೆ ಹತ್ತು ಗಂಟೆ. ಅದು ನನ್ನ ಮನೆಯಲ್ಲಿ ಇರುವುದು ಇಪ್ಪತ್ತು ವರ್ಷ. ಮಿಕ್ಕ ಕಾಲವೆಲ್ಲ ಅದು ಮುಚ್ಚಿಕೊಂಡೇ ಇರುತ್ತದೆ; ನಾನು ಅದನ್ನು ಎತ್ತುತ್ತೇನೆ, ಇಡುತ್ತೇನೆ, ಹೊತ್ತು ತಿರುಗುತ್ತೇನೆ, ಕೊಡುತ್ತೇನೆ, ಕೊಟ್ಟು ಕೊರಗುತ್ತೇನೆ. ಪುಸ್ತಕದ ಸುಖ ಎಂದಾಗಲೆಲ್ಲ ಎಲ್ಲರೂ ಆ ಹತ್ತು ಗಂಟೆಯನ್ನೇ ಹಾಡಿ ಹೊಗಳುತ್ತಾರೆ. ಮಿಕ್ಕ ಇಪ್ಪತ್ತು ವರ್ಷದ ಪರವಾಗಿ ವಕಾಲತ್ತು ವಹಿಸುವವರು ಕಡಿಮೆ. ಇವತ್ತು ಆ ವಕಾಲತ್ತು ನನ್ನದು.

ಹೊಲಿಗೆ ಹಾಕಿದ ಪುಸ್ತಕ ಕೈಗೆ ಬಂದರೆ ನಾನು ಮೊದಲು ಹುಡುಕುವುದು ದಾರವನ್ನು. ದೊಡ್ಡ ಹಾಳೆಯೊಂದರ ಎರಡೂ ಮೈಗೆ ಎಂಟೆಂಟು ಪುಟ ಅಚ್ಚು ಹಾಕಿ ಮೂರು ಸಲ ಮಡಚಿದರೆ 16 ಪುಟಗಳ ಒಂದು ಫಾರಂ ಆಗುತ್ತದೆ. ಮಡಚುವ ಮುನ್ನ ಆ ಹಾಳೆಯನ್ನು ನೋಡಬೇಕು. ಒಂದನೆಯ ಪುಟದ ಪಕ್ಕ ಹದಿನಾರನೆಯದು, ಅರ್ಧ ಪುಟಗಳು ತಲೆಕೆಳಗು, ಯಾರೋ ಕುಡಿದು ಜೋಡಿಸಿದಂತಿರುತ್ತದೆ. ಮಡಚಿದ ಕೂಡಲೇ ಎಲ್ಲವೂ ಸದ್ದಿಲ್ಲದೆ ಸಾಲಿಗೆ ಬಂದು ನಿಲ್ಲುತ್ತವೆ. ಆ ಮಡಿಕೆಯ ನಟ್ಟನಡುವೆ, 8 ಮತ್ತು 9ನೆಯ ಪುಟಗಳ ಸಂದಿಯಲ್ಲಿ, ಮತ್ತೆ 24 ಮತ್ತು 25ರ ಸಂದಿಯಲ್ಲಿ, ಬಿಳಿಯ ದಾರ ಇಣುಕುತ್ತದೆ. ಅಲ್ಲಿ ಪುಸ್ತಕ ಅಂಗೈಯಂತೆ ಪೂರ್ತಿ ತೆರೆದುಕೊಳ್ಳುತ್ತದೆ. ಹೆಬ್ಬೆರಳಿಂದ ಒತ್ತಿ ಹಿಡಿಯಬೇಕಾಗಿಲ್ಲ. ಈಗಿನ ಹೆಚ್ಚಿನ ಪುಸ್ತಕಗಳಲ್ಲಿ ದಾರವಿಲ್ಲ. ಬೆನ್ನನ್ನು ಕತ್ತರಿಸಿ, ಅಂಟು ಬಳಿದು, ರಕ್ಷಾಪುಟ ಕೂರಿಸಿಬಿಡುತ್ತಾರೆ. ಅದಕ್ಕೆ ಪರ್ಫೆಕ್ಟ್ ಬೈಂಡಿಂಗ್ ಎಂದು ಹೆಸರಿಟ್ಟವರ ಹಾಸ್ಯಪ್ರಜ್ಞೆಗೆ ಕೈಮುಗಿಯಬೇಕು. ಮೂರನೆಯ ಓದಿಗೆ ಹಾಳೆಗಳು ಒಂದೊಂದಾಗಿ ರಜೆ ಹಾಕತೊಡಗುತ್ತವೆ.

ಅಚ್ಚು ಬರುವ ಮುಂಚೆ ಕೈಯಲ್ಲಿ ಪ್ರತಿ ಮಾಡುತ್ತಿದ್ದವರು ಗ್ರಂಥದ ಕೊನೆಯಲ್ಲಿ ತಮ್ಮದೂ ಒಂದು ಅಹವಾಲು ಸೇರಿಸುತ್ತಿದ್ದರು. ಬೆನ್ನು, ಸೊಂಟ, ಕತ್ತು ಮುರಿದಿವೆ, ಕಣ್ಣು ನೆಟ್ಟು ತಲೆ ತಗ್ಗಿಸಿ ಕಷ್ಟಪಟ್ಟು ಬರೆದಿದ್ದೇನೆ, ಜೋಪಾನ ಮಾಡು ಎಂಬರ್ಥದ ಸಂಸ್ಕೃತ ಶ್ಲೋಕ ಎಷ್ಟೋ ಓಲೆಗರಿ ಕಟ್ಟುಗಳಲ್ಲಿದೆ. ಇನ್ನೊಂದು ಶ್ಲೋಕದಲ್ಲಿ ಪುಸ್ತಕವೇ ಬಾಯಿಬಿಟ್ಟು ಬೇಡಿಕೊಳ್ಳುತ್ತದೆ: ಎಣ್ಣೆಯಿಂದ ಕಾಪಾಡು, ನೀರಿನಿಂದ ಕಾಪಾಡು, ಸಡಿಲ ಕಟ್ಟಿನಿಂದ ಕಾಪಾಡು, ಮೂರ್ಖನ ಕೈಗಂತೂ ಕೊಡಲೇಬೇಡ. ಅತ್ತ ಯೂರೋಪಿನ ಮಠಗಳಲ್ಲಿ ಲ್ಯಾಟಿನ್ ಗ್ರಂಥಗಳನ್ನು ನಕಲು ಮಾಡುತ್ತಿದ್ದವರು, ಬರೆಯುವುದು ಮೂರು ಬೆರಳು, ದುಡಿಯುವುದು ಇಡೀ ಮೈ ಎಂದು ಗೊಣಗಿಟ್ಟಿದ್ದಾರೆ. ಇವರಿಗೆ ಅವರ ಸುದ್ದಿ ಗೊತ್ತಿರಲಿಲ್ಲ, ಅವರಿಗೆ ಇವರದು ಗೊತ್ತಿರಲಿಲ್ಲ. ಬೆನ್ನುನೋವು ಮಾತ್ರ ಒಂದೇ ಆಗಿತ್ತು.

ವಾಸನೆಯ ಬಗ್ಗೆ ಪುಸ್ತಕಪ್ರಿಯರು ಬೇಕಾದಷ್ಟು ಬರೆದಿರುವುದರಿಂದ ಚುಟುಕಾಗಿ ಮುಗಿಸುತ್ತೇನೆ. ಹಳೆಯ ಪುಸ್ತಕದ ಘಮವೆಂದು ನಾವು ಮೂಗರಳಿಸುವುದು ಕಾಗದ ಸಾಯುತ್ತಿರುವ ವಾಸನೆಗೆ. 19ನೆಯ ಶತಮಾನದ ನಡುಭಾಗದಿಂದ ಚಿಂದಿ ಬಟ್ಟೆಯ ಬದಲು ಮರದ ತಿರುಳಿನಿಂದ ಕಾಗದ ಮಾಡುವುದು ಹೆಚ್ಚಾಯಿತು. ಮರದಲ್ಲಿರುವ ಲಿಗ್ನಿನ್ ಎಂಬ ಅಂಶ ಬೆಳಕಿಗೆ, ಗಾಳಿಗೆ ಹಳದಿಗಟ್ಟುತ್ತದೆ. ಒಡೆಯುತ್ತ ಒಡೆಯುತ್ತ ವೆನಿಲ್ಲಾವನ್ನು ನೆನಪಿಸುವ ಕಂಪನ್ನು ಬಿಡುತ್ತದೆ. ಕಾಗದದೊಳಗಿನ ಆಮ್ಲ ನಾರನ್ನು ತುಂಡರಿಸುತ್ತ ಹೋಗುತ್ತದೆ. 1500ರ ಆಸುಪಾಸಿನ ಚಿಂದಿ ಕಾಗದದ ಪುಸ್ತಕಗಳು ಇನ್ನೂ ಗಟ್ಟಿಮುಟ್ಟಾಗಿರುವಾಗ 1900ರ ಆಸುಪಾಸಿನವು ತರಗೆಲೆಯಂತೆ ಮುರಿಯುವುದು ಈ ಕಾರಣಕ್ಕೇ. ಇಷ್ಟೆಲ್ಲ ತಿಳಿದ ಮೇಲೂ ಪುಸ್ತಕ ತೆರೆದ ಕೂಡಲೇ ಮೂಗನ್ನು ಒಳಗಿಡುವ ಚಟ ನನಗೆ ಹೋಗಿಲ್ಲ.

ಪೆನ್ಸಿಲಿನವರ ವಿಷಯಕ್ಕೆ ಬರುತ್ತೇನೆ. ಅಂಚಿನಲ್ಲಿ ಬರೆಯುವವರಲ್ಲಿ ಜಗತ್ತನ್ನೇ ಕಾಡಿಸಿದವನು ಪಿಯರ್ ದ ಫರ್ಮಾ. ವೃತ್ತಿಯಲ್ಲಿ ವಕೀಲ, ಗಣಿತ ಅವನ ಹುಚ್ಚು. 1637ರ ಸುಮಾರಿಗೆ, ಪ್ರಾಚೀನ ಗಣಿತಜ್ಞ ಡಯೊಫ್ಯಾಂಟಸ್‌ನ ಗ್ರಂಥ ಓದುತ್ತ, ಗಣಿತದ ಒಂದು ಪ್ರಮೇಯವನ್ನು ಸಾಧಿಸಿ ತೋರಿಸುವ ಅದ್ಭುತ ದಾರಿ ತನಗೆ ಹೊಳೆದಿದೆ, ಬರೆಯಲು ಈ ಅಂಚು ಸಾಲದು ಎಂದು ಗೀಚಿಟ್ಟ. ಅವನು ತೀರಿಕೊಂಡ ಮೇಲೆ, 1670ರಲ್ಲಿ, ಮಗ ಆ ಟಿಪ್ಪಣಿಗಳನ್ನೂ ಸೇರಿಸಿ ಗ್ರಂಥವನ್ನು ಅಚ್ಚು ಹಾಕಿಸಿದ. ಅಲ್ಲಿಂದ ಶುರುವಾದ ತಲೆಬಿಸಿ ತಣ್ಣಗಾಗಿದ್ದು ಆಂಡ್ರ್ಯೂ ವೈಲ್ಸ್ ಅದನ್ನು ಸಾಧಿಸಿ 1995ರಲ್ಲಿ ಪ್ರಕಟಿಸಿದಾಗ. ಅದಕ್ಕೆ ನೂರಕ್ಕೂ ಹೆಚ್ಚು ಪುಟ ಬೇಕಾಯಿತು. ಅಂಚು ಸಾಲದು ಎಂದದ್ದಂತೂ ನಿಜವೇ ಆಯಿತು. ಫರ್ಮಾ ಗೀಚಿದ ಆ ಮೂಲ ಪ್ರತಿ ಮಾತ್ರ ಕಳೆದೇಹೋಗಿದೆ. ಯಾವುದೋ ರಾಶಿಯ ಅಡಿಯಲ್ಲಿ ಇನ್ನೂ ಇದ್ದರೆ ಎಂದು ನೆನೆದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ನಾನಂತೂ ಪುಸ್ತಕದಲ್ಲಿ ಬರೆಯುವವನಲ್ಲ. ಪೆನ್ಸಿಲಿನವರ ಮೇಲೆ ಪ್ರೀತಿಯಿದೆ, ಪೆನ್ನಿನವರನ್ನು ಸಹಿಸಿಕೊಳ್ಳುತ್ತೇನೆ, ಹಳದಿ ಹೈಲೈಟರ್ ಹಿಡಿದು ಪುಟಕ್ಕೆ ಪುಟವನ್ನೇ ಸಾರಿಸುವವರ ಜೊತೆ ಮಾತು ಬಿಟ್ಟಿದ್ದೇನೆ.

ಪುಸ್ತಕದಂಗಡಿಯಲ್ಲೂ ನಾವು ಓದುವುದಿಲ್ಲ. ಅಲ್ಲಿನ ಸುಖವೆಲ್ಲ ಕತ್ತು ವಾಲಿಸುವುದರಲ್ಲಿದೆ. ಬೆನ್ನಿನ ಮೇಲೆ ಇಂಗ್ಲಿಷರು ಹೆಸರನ್ನು ಮೇಲಿಂದ ಕೆಳಕ್ಕೆ ಅಚ್ಚು ಹಾಕುತ್ತಾರೆ, ಫ್ರೆಂಚರು ಸಾಮಾನ್ಯವಾಗಿ ಕೆಳಗಿಂದ ಮೇಲಕ್ಕೆ. ಹಾಗಾಗಿ ಒಂದು ಕಪಾಟಿನ ಮುಂದೆ ತಲೆ ಬಲಕ್ಕೆ ವಾಲಬೇಕು, ಇನ್ನೊಂದರ ಮುಂದೆ ಎಡಕ್ಕೆ. ಒಂದು ಕಾಲದಲ್ಲಿ ಈ ತಾಪತ್ರಯವೇ ಇರಲಿಲ್ಲ, ಏಕೆಂದರೆ ಪುಸ್ತಕದ ಬೆನ್ನು ಗೋಡೆಯ ಕಡೆಗಿರುತ್ತಿತ್ತು. ಇಂಗ್ಲೆಂಡಿನ ಹೆರಫರ್ಡ್ ಕೆಥೆಡ್ರಲ್‌ನ ಗ್ರಂಥಾಲಯದಲ್ಲಿ ಅದನ್ನು ಈಗಲೂ ನೋಡಬಹುದು. ಕಳುವಾಗದಿರಲೆಂದು ಪ್ರತಿ ಪುಸ್ತಕಕ್ಕೂ ಸರಪಳಿ ಬಿಗಿದಿದ್ದಾರೆ. ಸರಪಳಿ ರಟ್ಟಿನ ಮುಂಭಾಗದ ಅಂಚಿಗೆ ಇರುವುದರಿಂದ ಆ ಅಂಚು ನಮ್ಮ ಕಡೆಗೆ, ಬೆನ್ನು ಒಳಗಡೆಗೆ.

ಅಂಗಡಿಯ ಬಾಗಿಲಲ್ಲೇ "ಏನು ಬೇಕು?" ಎಂದು ಕೇಳಿದರೆ ನನ್ನ ಅರ್ಧ ಉತ್ಸಾಹ ಇಳಿದುಹೋಗುತ್ತದೆ. ಏನು ಬೇಕೆಂದು ಗೊತ್ತಿದ್ದರೆ ಅಲ್ಲಿಗೆ ಯಾಕೆ ಬರುತ್ತಿದ್ದೆ? ಮೊಬೈಲಿನಲ್ಲಿ ಹುಡುಕಿದರೆ ಬೇಕಾದದ್ದು ಕ್ಷಣದಲ್ಲಿ ಸಿಗುತ್ತದೆ, ಇದನ್ನು ಕೊಂಡವರು ಅದನ್ನೂ ಕೊಂಡರು ಎಂಬ ಸಲಹೆಯೂ ಬರುತ್ತದೆ. ಆ ಸಲಹೆ ನನ್ನನ್ನು ಈಗಾಗಲೇ ಇರುವ ಕಡೆಗೇ ಇನ್ನಷ್ಟು ತಳ್ಳುತ್ತದೆ. ಕಪಾಟಿನಲ್ಲಿ ಹಾಗಾಗುವುದಿಲ್ಲ. ಕವಿತೆ ಹುಡುಕುತ್ತಿದ್ದ ಕೈ ತಪ್ಪಿ ಜೇನುಸಾಕಣೆಯ ಪುಸ್ತಕಕ್ಕೆ ತಗಲುತ್ತದೆ. ನಿಂತಲ್ಲೇ ಆರು ಪುಟ ಓದಿ, ರಾಣಿಜೇನಿನ ವಿಷಯ ತಲೆಯಲ್ಲಿ ತುಂಬಿಕೊಂಡು, ಕವಿತೆ ಮರೆತು ಮನೆಗೆ ಬಂದಿದ್ದೇನೆ. ಒಳ್ಳೆಯ ಅಂಗಡಿಯವರು ಒಮ್ಮೆ ತಲೆ ಎತ್ತಿ ನೋಡುತ್ತಾರೆ, ಮತ್ತೆ ತಾವು ಓದುತ್ತಿದ್ದ ಪುಟಕ್ಕೆ ಮರಳುತ್ತಾರೆ. ನಮ್ಮನ್ನು ನಮ್ಮ ಪಾಡಿಗೆ ಬಿಡುವುದೂ ಒಂದು ಕಲೆ.

ಆ ಕಲೆ ಬಲ್ಲವರಲ್ಲಿ ಸಿಲ್ವಿಯಾ ಬೀಚ್ ದೊಡ್ಡ ಹೆಸರು. 1919ರಲ್ಲಿ ಪ್ಯಾರಿಸ್ಸಿನಲ್ಲಿ ಶೇಕ್ಸ್‌ಪಿಯರ್ ಅಂಡ್ ಕಂಪನಿ ಎಂಬ ಅಂಗಡಿ ತೆರೆದ ಅಮೆರಿಕದ ಹೆಣ್ಣುಮಗಳು ಆಕೆ. ಕೊಳ್ಳಲಾಗದವರಿಗೆ ಪುಸ್ತಕವನ್ನು ಎರವಲು ಕೊಡುವ ಏರ್ಪಾಡೂ ಅಲ್ಲಿತ್ತು. ಯಾರೂ ಮುಟ್ಟಲು ಹೆದರುತ್ತಿದ್ದ ಜೇಮ್ಸ್ ಜಾಯ್ಸ್‌ನ ಯುಲಿಸಿಸ್ ಕಾದಂಬರಿಯನ್ನು 1922ರಲ್ಲಿ ಆಕೆಯೇ ಪ್ರಕಟಿಸಿದಳು. ನನಗೆ ಇವೆಲ್ಲಕ್ಕಿಂತ ಇಷ್ಟವಾಗುವುದು ಆಕೆ ಅಂಗಡಿ ಮುಚ್ಚಿದ ಬಗೆ. 1941ರಲ್ಲಿ, ನಗರ ನಾಜಿಗಳ ವಶದಲ್ಲಿದ್ದಾಗ, ಜರ್ಮನ್ ಅಧಿಕಾರಿಯೊಬ್ಬ ಬಂದು ಕಿಟಕಿಯಲ್ಲಿಟ್ಟಿದ್ದ ಜಾಯ್ಸ್‌ನ ಕೊನೆಯ ಕಾದಂಬರಿಯನ್ನು ಕೇಳಿದ. ಉಳಿದಿರುವುದು ಇದೊಂದೇ ಪ್ರತಿ, ಕೊಡುವುದಿಲ್ಲ ಎಂದಳು. ಎಲ್ಲವನ್ನೂ ಮುಟ್ಟುಗೋಲು ಹಾಕಿಸುತ್ತೇನೆ ಎಂದು ಅವನು ಗುಡುಗಿ ಹೋದ. ಕೆಲವೇ ಗಂಟೆಗಳಲ್ಲಿ ಆಕೆ ಗೆಳೆಯರನ್ನು ಸೇರಿಸಿಕೊಂಡು ಪುಸ್ತಕಗಳನ್ನೆಲ್ಲ ಅದೇ ಕಟ್ಟಡದ ಮೇಲಿನ ಮಹಡಿಗೆ ಸಾಗಿಸಿದಳು, ಕಪಾಟುಗಳನ್ನು ಕಳಚಿಸಿದಳು, ಮುಂಬಾಗಿಲ ಮೇಲಿನ ಹೆಸರಿಗೆ ಬಣ್ಣ ಬಳಿಸಿದಳು. ಮುಟ್ಟುಗೋಲು ಹಾಕಲು ಅಂಗಡಿಯೇ ಇಲ್ಲದಂತೆ ಮಾಡಿಬಿಟ್ಟಳು. ಮುಂದೆ ಆಕೆ ಕೆಲವು ತಿಂಗಳು ಬಂಧನದಲ್ಲಿ ಕಳೆಯಬೇಕಾಯಿತು. ಆ ಪುಸ್ತಕಗಳು ಸಿಗಲಿಲ್ಲ.

ಹೊತ್ತು ತಿರುಗುವ ಸುಖವನ್ನು ನಮಗೆ ಕೊಟ್ಟವನು ವೆನಿಸ್ಸಿನ ಮುದ್ರಕ ಆಲ್ಡಸ್ ಮನುಶಿಯಸ್ ಎನ್ನಬಹುದು. ಆಗಿನ ದೊಡ್ಡ ಗ್ರಂಥಗಳನ್ನು ಮೇಜಿನ ಮೇಲಿಟ್ಟೇ ಓದಬೇಕಿತ್ತು. ಅವನು 1501ರಲ್ಲಿ ವರ್ಜಿಲ್‌ನ ಕಾವ್ಯವನ್ನು, ಹಾಳೆಯನ್ನು ಮೂರು ಸಲ ಮಡಚಿದ ಅಳತೆಯಲ್ಲಿ, ಒಂದೇ ಕೈಯಲ್ಲಿ ಹಿಡಿಯುವಂತೆ ತಂದ. ಇಂದು ನಾವು ಇಟ್ಯಾಲಿಕ್ ಎನ್ನುವ ಓರೆ ಅಕ್ಷರ ಹುಟ್ಟಿದ್ದೂ ಅವನ ಅಚ್ಚುಕೂಟದಲ್ಲೇ. ನಾನು ಎರಡು ದಿನದ ಪ್ರಯಾಣಕ್ಕೆ ನಾಲ್ಕು ಪುಸ್ತಕ ಹೊರುತ್ತೇನೆ. ಒಂದು ಓದಲು, ಒಂದು ಅದು ಬೇಸರವಾದರೆ ಎಂದು, ಒಂದು ಎರಡೂ ಕೈಕೊಟ್ಟರೆ ಎಂದು. ನಾಲ್ಕನೆಯದು ಏಕೆಂದು ಕೇಳಬೇಡಿ. ಕಿಟಕಿಯಾಚೆ ನೋಡುತ್ತ ಕೂತು, ನಾಲ್ಕನ್ನೂ ತೆರೆಯದೆ ಹಾಗೆಯೇ ಮನೆಗೆ ತರುತ್ತೇನೆ.

ಎರವಲಿನ ವಿಷಯ ಎತ್ತಿದರೆ ಗಾಯ ಕೆದಕಿದ ಹಾಗೆ. ಪರರ ಕೈ ಸೇರಿದ ಪುಸ್ತಕ, ಹೆಣ್ಣು, ಹಣ ಹೋದ ಹಾಗೆಯೇ ಎಂದು ಹಳೆಯ ಸುಭಾಷಿತವೊಂದಿದೆ. ಹೆಣ್ಣನ್ನು ಆ ಪಟ್ಟಿಗೆ ಸೇರಿಸಿದವನ ಬುದ್ಧಿ ಅವನ ಬಳಿಯೇ ಇರಲಿ. ಪುಸ್ತಕದ ಮಟ್ಟಿಗೆ ಮಾತ್ರ ಅವನು ನೊಂದು ನುಡಿದಿದ್ದಾನೆ. ನನ್ನ ಗೆಳೆಯನೊಬ್ಬ ಒಯ್ದ ಪುಸ್ತಕವನ್ನು ಏಳು ವರ್ಷದ ಮೇಲೆ ಅವನ ಮನೆಯ ಕಪಾಟಿನಲ್ಲಿ ಕಂಡೆ. ಒಳಪುಟದಲ್ಲಿ ನನ್ನ ಹೆಸರು, ನನ್ನದೇ ಕೈಬರಹ. ಅದನ್ನು ಕೈಗೆತ್ತಿಕೊಂಡಾಗ ಅವನು, "ಒಳ್ಳೆಯ ಪುಸ್ತಕ ಕಣೋ, ನೀನು ಓದಲೇಬೇಕು. ಬೇಕಾದರೆ ತೆಗೆದುಕೊಂಡು ಹೋಗು, ಆದರೆ ಮರೆಯದೆ ವಾಪಸು ಕೊಡು" ಎಂದ. ಮನೆಗೆ ತಂದುಕೊಂಡೆ. ಈಗ ಎರಡು ತಿಂಗಳಿಗೊಮ್ಮೆ ಫೋನ್ ಮಾಡಿ ಪುಸ್ತಕ ಎಲ್ಲಿ ಎಂದು ಕೇಳುತ್ತಾನೆ. ಹೇಳಿಬಿಡಬಹುದು, ಆದರೆ ಅವನ ದನಿಯಲ್ಲಿ ಎಷ್ಟು ಕಾಳಜಿ ಇರುತ್ತದೆಂದರೆ ಪ್ರತಿ ಸಲವೂ "ಮುಂದಿನ ವಾರ ತರುತ್ತೇನೆ" ಎಂದೇ ಬಾಯಿಗೆ ಬರುತ್ತದೆ. ಅವನೊಬ್ಬನನ್ನೇ ಹಳಿದರೆ ಅನ್ಯಾಯ. ಬೇರೆಯವರ ಹೆಸರಿರುವ ಮೂರು ಪುಸ್ತಕಗಳು ನನ್ನ ಕಪಾಟಿನಲ್ಲೂ ಇವೆ. ಧೂಳು ಹೊಡೆಯುವಾಗ ಅವನ್ನು ಸ್ವಲ್ಪ ಹಿಂದಕ್ಕೆ ಸರಿಸಿಟ್ಟೆ.

ಎರವಲು ಪಡೆಯುವವರಲ್ಲೂ ಕವಿ ಕೋಲ್‌ರಿಡ್ಜ್‌ನಂಥವರಿದ್ದರೆ ನಷ್ಟವಿಲ್ಲ. ಅವನು ಪುಸ್ತಕವನ್ನು ಬಡ್ಡಿ ಸಮೇತ, ಅಂದರೆ ಅಂಚಿನ ತುಂಬ ಟಿಪ್ಪಣಿ ಬರೆದು, ಹಿಂದಿರುಗಿಸುತ್ತಾನೆಂದು ಅವನ ಗೆಳೆಯ ಚಾರ್ಲ್ಸ್ ಲ್ಯಾಮ್ 1820ರ ಪ್ರಬಂಧವೊಂದರಲ್ಲಿ ಹೊಗಳಿದ್ದಾನೆ. ನನ್ನ ಗೆಳೆಯರ ಬಡ್ಡಿಯೆಂದರೆ ಲೋಟದ ತಳದ ವೃತ್ತಾಕಾರದ ಕಲೆ.

ಇನ್ನು ಕಪಾಟಿನ ಓದದ ಪುಸ್ತಕಗಳು. ಕೊಂಡು ತಂದು ಓದದೆ ಪೇರಿಸಿಡುವುದಕ್ಕೆ ಜಪಾನೀಯರು ತ್ಸುಂದೋಕು ಎಂಬ ಹೆಸರಿಟ್ಟಿದ್ದಾರೆ. ಹೆಸರಿದೆ ಎಂದರೆ ನಾನೊಬ್ಬನೇ ಅಲ್ಲ ಎಂದಾಯಿತು. ನಮ್ಮ ಪಂಗಡದ ಮೂಲಪುರುಷ ಇಟಲಿಯ ಕವಿ ಪೆಟ್ರಾರ್ಕ್. 14ನೆಯ ಶತಮಾನದ ನಡುವಿನಲ್ಲಿ ಅವನಿಗೆ ಹೋಮರ್‌ನ ಗ್ರೀಕ್ ಪ್ರತಿಯೊಂದು ಉಡುಗೊರೆಯಾಗಿ ಬಂತು. ಅವನಿಗೆ ಗ್ರೀಕ್ ಬರುತ್ತಿರಲಿಲ್ಲ. ಕೊಟ್ಟವನಿಗೆ ಬರೆದ ಪತ್ರದಲ್ಲಿ ಅವನು, ಹೋಮರ್ ನನ್ನ ಪಾಲಿಗೆ ಮೂಕ, ಅಥವಾ ನಾನು ಅವನ ಪಾಲಿಗೆ ಕಿವುಡ, ಆದರೂ ಅವನನ್ನು ನೋಡುವುದೇ ಸಂತೋಷ ಎಂಬಂತೆ ಹೇಳಿಕೊಂಡಿದ್ದಾನೆ; ಪುಸ್ತಕವನ್ನು ಅಪ್ಪಿಕೊಂಡು ನಿಟ್ಟುಸಿರಿಡುತ್ತಿದ್ದನಂತೆ. ಒಂದು ಅಕ್ಷರವೂ ತಿಳಿಯದ ಪುಸ್ತಕವನ್ನು ಎದೆಗೊತ್ತಿಕೊಂಡವನನ್ನು ಕಂಡು ಪಂಡಿತರು ನಗಬಹುದು. ನನಗೆ ಅವನ ಮೇಲೆ ಅಕ್ಕರೆ. ನನ್ನ ಕಪಾಟಿನ ಮೇಲಿನ ಸಾಲಿನಲ್ಲಿ ದಪ್ಪನೆಯ ಇತಿಹಾಸಗ್ರಂಥವೊಂದಿದೆ. ಹದಿನೈದು ವರ್ಷದಿಂದ ಓದಬೇಕೆಂದಿದ್ದೇನೆ. ಅದನ್ನು ಓದಿ ಮುಗಿಸುವ ನನ್ನೊಬ್ಬನಿದ್ದಾನೆ, ಬೆಳಿಗ್ಗೆ ಬೇಗ ಏಳುವವನು, ಟಿಪ್ಪಣಿ ಮಾಡುವವನು. ಅವನನ್ನು ನಾನಿನ್ನೂ ಭೇಟಿಯಾಗಿಲ್ಲ. ಪುಸ್ತಕ ಅಲ್ಲಿರುವ ತನಕ ಅವನು ಬರುವ ಸಾಧ್ಯತೆಯೂ ಇದೆ.

ಓದಿದವುಗಳ ಗತಿಯೂ ಇದಕ್ಕಿಂತ ಮೇಲೇನಲ್ಲ. ನೂರಾರು ಗಂಟೆ ಕೊಟ್ಟು ಓದಿದ ಕಾದಂಬರಿಗಳಲ್ಲಿ ಈಗ ಉಳಿದಿರುವುದು ಒಂದು ಮಳೆ, ಒಂದು ಬಾಗಿಲು, ಯಾರೋ ಯಾರಿಗೋ ಹೇಳದೆ ಉಳಿಸಿದ ಮಾತು. ಫ್ರಾನ್ಸಿನ ಪ್ರಬಂಧಕಾರ ಮೊಂತೇನ್‌ಗೂ ಈ ರೋಗವಿತ್ತು. ಎಂದೋ ಓದಿ ಟಿಪ್ಪಣಿ ಬರೆದಿದ್ದ ಪುಸ್ತಕವನ್ನು ಹೊಸದೆಂದುಕೊಂಡು ಮತ್ತೆ ಕೈಗೆತ್ತಿಕೊಳ್ಳುವಂತಾದಾಗ, ಪುಸ್ತಕದ ಕೊನೆಯಲ್ಲಿ ಓದಿ ಮುಗಿಸಿದ ತಾರೀಖನ್ನೂ ತನ್ನ ಅಭಿಪ್ರಾಯವನ್ನೂ ಬರೆದಿಡುವ ರೂಢಿ ಮಾಡಿಕೊಂಡ. ನಾನೂ ಬೇರೆಯದೇ ವಹಿಯೊಂದರಲ್ಲಿ ಹಾಗೆ ಬರೆದಿಡಲು ನೋಡಿದೆ. ಒಂದೇ ಪುಸ್ತಕದ ಎದುರು ಒಮ್ಮೆ "ಮರೆಯಲಾಗದ್ದು" ಎಂದೂ, ನಾಲ್ಕು ವರ್ಷದ ನಂತರ, ಮೊದಲ ಸಲ ಓದುತ್ತಿದ್ದೇನೆಂಬ ನಂಬಿಕೆಯಲ್ಲಿ, "ಪರವಾಗಿಲ್ಲ" ಎಂದೂ ಬರೆದದ್ದನ್ನು ಕಂಡ ದಿನ ಆ ವಹಿ ಮುಚ್ಚಿದೆ.

ಭಾರತದಲ್ಲಿ ಗ್ರಂಥಾಲಯ ಶಾಸ್ತ್ರಕ್ಕೆ ಅಡಿಪಾಯ ಹಾಕಿದ ಎಸ್. ಆರ್. ರಂಗನಾಥನ್ ಮೊದಲು ಗಣಿತದ ಮೇಷ್ಟ್ರು. 1931ರಲ್ಲಿ ಅವರು ಐದು ಸೂತ್ರಗಳನ್ನು ಪುಸ್ತಕವಾಗಿ ತಂದರು. ಪುಸ್ತಕಗಳಿರುವುದು ಬಳಕೆಗೆ ಎಂಬುದು ಮೊದಲನೆಯದು. ಓದದೆ ಪೇರಿಸುವ ನನ್ನಂಥವರಿಗೆ ಬೀಸಿದ ಚಾಟಿ ಅದು. ಮೂರನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗ. ಯಾರ ಕೈಗೂ ಹತ್ತದೆ ಕೂತ ಪುಸ್ತಕಕ್ಕೂ ತನ್ನವರೊಬ್ಬರು ಎಲ್ಲೋ ಇದ್ದಾರೆ, ಅವರಿಗೆ ಅದನ್ನು ಮುಟ್ಟಿಸುವುದು ಗ್ರಂಥಪಾಲಕರ ಕೆಲಸ. ಕನ್ಯೆಗೆ ವರ ಹುಡುಕುವವರ ಧಾಟಿಯ ಈ ಸೂತ್ರ, ಬಟ್ಟೆ ಹಿಡಿದು ನಿಂತಿದ್ದ ನನಗೆ ಆ ದಿನ ನೆನಪಾಯಿತು. ಕೈಯಲ್ಲಿದ್ದದ್ದು ರಸೀದಿ ಇಣುಕುತ್ತಿದ್ದ ಆ ಕಾದಂಬರಿ.

97ನೆಯ ಪುಟ ತೆರೆದೆ. ಪೆನ್ಸಿಲಿನ ಪ್ರಶ್ನೆ ಹನ್ನೊಂದು ವರ್ಷದಲ್ಲಿ ಇನ್ನಷ್ಟು ಮಾಸಿತ್ತು. ಒಂದು ಪುಟ ನೋಡಿ ಇಟ್ಟುಬಿಡೋಣ ಎಂದುಕೊಂಡು 98ಕ್ಕೆ ಹೋದೆ. ಹೊರಟವನು ಒಂದು ನದಿ ದಾಟಿದ, ಬೇರೆ ಹೆಸರು ಇಟ್ಟುಕೊಂಡ. 110ರ ಹೊತ್ತಿಗೆ ನಾನು ನೆಲದ ಮೇಲೆ ಕೂತಿದ್ದೆ. 130ರಲ್ಲಿ ಅವನ ತಾಯಿ ಪ್ರತಿ ಸಂಜೆ ಬಾಗಿಲ ಚಿಲಕವನ್ನು ಹಾಕಿ ಮತ್ತೆ ತೆಗೆಯುತ್ತಾಳೆ; ಆ ಪುಟವನ್ನು ಎರಡು ಸಲ ಓದಿದೆ. ಅಂಚು ಖಾಲಿಯಿತ್ತು, ಆದರೆ ಖಾಲಿಯೆಂಬುದು ನನಗೆ ಗಮನಕ್ಕೆ ಬರುವುದೇ ನಿಂತುಹೋಗಿತ್ತು. ದೀಪ ಹಾಕಲು ಒಮ್ಮೆ ಎದ್ದೆ. ಅರ್ಧ ಕಪಾಟು ನೆಲದ ಮೇಲಿತ್ತು, ಅದನ್ನು ದಾಟಿಕೊಂಡು ಬಂದು ಮತ್ತೆ ಕೂತೆ.

232ನೆಯದು ಕೊನೆಯ ಪುಟ. ಅಚ್ಚು ಮುಗಿದ ಕೆಳಗೆ ನಾಲ್ಕು ಬೆರಳಿ‌ನಷ್ಟು ಖಾಲಿ ಜಾಗ. ಅಲ್ಲಿ, ಬಲಕ್ಕೆ ವಾಲಿದ ಅದೇ ಅಕ್ಷರದಲ್ಲಿ, ಮೊನೆ ಮೊಂಡಾದ ಪೆನ್ಸಿಲಿನಿಂದ ಬರೆದ ಒಂದೇ ಪದವಿತ್ತು: "ಇಲ್ಲ."

ರಸೀದಿಯನ್ನು ಇನ್ನು ಎಲ್ಲಿಡುವುದೆಂದು ತಿಳಿಯದೆ ಜೇಬಿಗೆ ಹಾಕಿಕೊಂಡೆ.